ಸೊನ್ನೆ ಡಿಗ್ರಿ ಎಂದು ನಾನು ಸಹಿ ಹಾಕಿದ ನೀರು

ಆಯುಧಪೂಜೆಯ ಹಿಂದಿನ ಮಧ್ಯಾಹ್ನ ನಮ್ಮ ಲ್ಯಾಬಿನ ಫ್ರೀಜರನ್ನು ಆಫ್ ಮಾಡಿ, ಒಳಗಿದ್ದ ಐಸನ್ನೆಲ್ಲ ಹಿಂದಿನ ಮೋರಿಗೆ ಸುರಿದರು. ನಾನು ಅಲ್ಲೇ ನಿಂತು ನೋಡುತ್ತಿದ್ದೆ, ತಡೆಯಲಿಲ್ಲ. ಪೀಣ್ಯದಲ್ಲಿ ಆ ದಿನ ಯಾವ ಶೆಡ್ಡಿಗೆ ಹೋದರೂ ಅದೇ ಸಂಭ್ರಮ. ಲೇತು, ಪ್ರೆಸ್ಸು, ಗ್ರೈಂಡರು ಎಲ್ಲವನ್ನೂ ನಿಲ್ಲಿಸಿ, ಸೀಮೆಎಣ್ಣೆ ಹಾಕಿ ಒರೆಸಿ, ಮಾರನೆಯ ದಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುವುದು. ಪೂಜೆ ಮಾಡಿದ ಯಂತ್ರವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಕಂಪನಿಯ ಯಜಮಾನರು ಧಾರವಾಡದ ಕಡೆಯವರು, ಹಣೆಗೆ ವಿಭೂತಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಡದವರು. ಅವರ ಲೆಕ್ಕದಲ್ಲಿ ಫ್ರೀಜರೂ ಒಂದು ಆಯುಧವೇ.

“ವರ್ಷಾನುಗಟ್ಲೆ ದುಡೀತದ, ಒಂದೆರಡು ದಿನ ಅದಕ್ಕೂ ಆರಾಮ ಬ್ಯಾಡೇನ್ರಿ ಬಾಯಾರ?” ಎಂದರು.

ಅವರ ಕಡೆ ಮೇಡಂ ಎನ್ನುವುದಕ್ಕೆ ಬಾಯಾರ ಎನ್ನುತ್ತಾರೆ. ನಾನು ನಕ್ಕೆ.

ನಮ್ಮದು ತಾಪಮಾನ ಅಳೆಯುವ ಸೆನ್ಸರ್ ತಯಾರಿಸುವ ಪುಟ್ಟ ಘಟಕ. ಪೆನ್ಸಿಲ್ಲಿನಷ್ಟು ಉದ್ದದ ಸ್ಟೀಲ್ ಕೊಳವೆ, ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಮಣಿ. ಬಿಸಿ ಹೆಚ್ಚಾದರೆ ಆ ಮಣಿಯ ವಿದ್ಯುತ್ ರೋಧ ಕಡಿಮೆಯಾಗುತ್ತದೆ, ತಣ್ಣಗಾದರೆ ಹೆಚ್ಚುತ್ತದೆ. ಬಾಯ್ಲರಿನವರು, ಡೇರಿಯವರು, ಬಟ್ಟೆಗೆ ಬಣ್ಣ ಹಾಕುವವರು ನಮ್ಮ ಗಿರಾಕಿಗಳು. ನನ್ನ ಕೆಲಸ ಕ್ಯಾಲಿಬ್ರೇಶನ್, ಎಂದರೆ ತಯಾರಾದ ಸೆನ್ಸರ್ ನಿಜ ಹೇಳುತ್ತದೆಯೇ ಎಂದು ಪರೀಕ್ಷಿಸಿ ಸರ್ಟಿಫಿಕೇಟಿಗೆ ಸಹಿ ಹಾಕುವುದು.

ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆ ದುಬಾರಿ ಉಪಕರಣಗಳಿರುತ್ತವೆ. ನಮ್ಮ ಬಳಿ ಇದ್ದದ್ದು ಅಗಲ ಬಾಯಿಯ ಎರಡು ಥರ್ಮಾಸ್ ಫ್ಲಾಸ್ಕು, ಒಂದು ಒಳ್ಳೆಯ ಮೀಟರು. ಡಿಸ್ಟಿಲ್ಡ್ ವಾಟರನ್ನು ಹೆಪ್ಪುಗಟ್ಟಿಸಿ, ಆ ಐಸನ್ನು ಬಟ್ಟೆಯಲ್ಲಿ ಕಟ್ಟಿ ಮರದ ಸುತ್ತಿಗೆಯಿಂದ ಕುಟ್ಟಿ, ಫ್ಲಾಸ್ಕಿಗೆ ತುಂಬಿ, ಮತ್ತೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ ಕಲಸಿದರೆ ಗಟ್ಟಿ ಗಂಜಿಯ ಹಾಗಾಗುತ್ತದೆ. ಶುದ್ಧ ನೀರು ಮತ್ತು ಅದರದೇ ಐಸು ಜೊತೆಯಾಗಿರುವಷ್ಟು ಹೊತ್ತು ಆ ಗಂಜಿಯ ತಾಪ ಸೊನ್ನೆ ಡಿಗ್ರಿ. ಅದಕ್ಕೆ ಐಸ್ ಪಾಯಿಂಟ್ ಎನ್ನುತ್ತಾರೆ. ಸೆನ್ಸರನ್ನು ಅದರಲ್ಲಿ ಮುಳುಗಿಸಿ, ಮೀಟರಿನ ಅಂಕಿ ನಿಂತಾಗ, ಇದು ಈ ಸೆನ್ಸರಿನ ಸೊನ್ನೆ ಎಂದು ಬರೆದುಕೊಳ್ಳುವುದು. ಅಷ್ಟು ಸರಳವಾದ, ಅಷ್ಟು ಸುಂದರವಾದ ಕೆಲಸ. ಈ ವಯಸ್ಸಿನಲ್ಲೂ ಐಸ್ ಕುಟ್ಟುವ ಸದ್ದು ಎಲ್ಲಾದರೂ ಕೇಳಿದರೆ ಕೈ ತಂತಾನೇ ಫ್ಲಾಸ್ಕನ್ನು ಹುಡುಕುತ್ತದೆ.

ಆ ವರ್ಷ, ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯಿಂದ ಇಪ್ಪತ್ತನಾಲ್ಕು ಸೆನ್ಸರುಗಳಿಗೆ ಆರ್ಡರ್ ಬಂದಿತ್ತು. ಹೊಸ ಜಾತಿಯ ಮಣಿ, ನೀರು ಒಳಹೋಗದ ಹಾಗೆ ರಾಳ ತುಂಬಿದ ಕೊಳವೆ. ಯಾವುದಕ್ಕೆ ಎಂದು ಕಾಗದದಲ್ಲಿರಲಿಲ್ಲ. ಯಾವುದೋ ಕೋಲ್ಡ್ ಸ್ಟೋರೇಜಿಗೆ ಇರಬೇಕು ಎಂದುಕೊಂಡೆ. ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಕಲಿಸಿದ ಸಿಸ್ಟರ್ “ಗರ್ಲ್ಸ್, ನೆವರ್ ಅಸ್ಯೂಮ್” ಎಂದು ಬೆತ್ತ ತಟ್ಟಿ ಹೇಳುತ್ತಿದ್ದರು. ಐ ಅಸ್ಯೂಮ್ಡ್.

ವಿಜಯದಶಮಿ ಮುಗಿದು ಫ್ರೀಜರ್ ಶುರು ಮಾಡಿದೆವು. ಅದೇ ವಾರ ಲೋಡ್ ಶೆಡ್ಡಿಂಗ್ ಹೆಚ್ಚಾಯಿತು. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನ ಬಂದು, ಮುಖ ತೋರಿಸಿ ಮತ್ತೆ ಹೋಗುತ್ತಿತ್ತು. ಜನರೇಟರು ವೆಲ್ಡಿಂಗಿಗೇ ಸಾಲದು. ಎರಡು ದಿನ ಕಳೆದರೂ ಫ್ರೀಜರಿನ ಡಬ್ಬಿಗಳಲ್ಲಿ ಇದ್ದದ್ದು ತಣ್ಣೀರು. ಮಂಗಳವಾರ ಸಂಸ್ಥೆಯ ಅಧಿಕಾರಿ ಬಂದು ಸೆನ್ಸರುಗಳನ್ನು ತಾವೇ ಒಯ್ಯುವುದಾಗಿ ಫೋನು ಬಂತು.

ನನ್ನ ಸಹಾಯಕಿ ಬಾಗಲಗುಂಟೆಯವಳು. ಗಂಡ ಪ್ರೆಸ್ ಶಾಪಿನಲ್ಲಿ, ಇವಳು ನಮ್ಮಲ್ಲಿ. ಕೈಯೂ ಚುರುಕು, ಬಾಯಿಯೂ ಚುರುಕು.

“ಮೇಡಂ, ಇಂಗೇ ಕಾಯ್ತಾ ಕುಂತ್ರೆ ದೀಪಾವಳಿ ಬತ್ತದೆ. ಐಸ್ ಫ್ಯಾಕ್ಟ್ರಿಯಿಂದ ಒಂದ್ ಅಚ್ಚು ತರುಸ್ಲಾ?”

ಐಸ್ ಫ್ಯಾಕ್ಟರಿಯ ದಿಮ್ಮಿ ಎಂದರೆ ಮರದ ಹೊಟ್ಟಿನಲ್ಲಿ ಸುತ್ತಿ ಸೈಕಲ್ ಕ್ಯಾರಿಯರಿನ ಮೇಲೆ ಬರುತ್ತದಲ್ಲ, ಅದು. ಬೋರ್‌ವೆಲ್ ನೀರಿನದು. ಬಾಯ್ಲರಿನ ಸೆನ್ಸರುಗಳಿಗೆ ಎಷ್ಟೋ ಸಲ ಅದನ್ನೇ ಬಳಸಿದ್ದೆವು. ಡಿಗ್ರಿಯ ಹತ್ತನೇ ಒಂದು ಭಾಗ ಆಚೀಚೆಯಾದರೆ ಬಾಯ್ಲರಿನವರು ಕೇಳುವುದಿಲ್ಲ.

“ತರಿಸು. ಡಿಸ್ಟಿಲ್ಡ್ ವಾಟರಿನಲ್ಲಿ ಚೆನ್ನಾಗಿ ತೊಳೆದು ಕುಟ್ಟು. ಐಸ್ ಈಸ್ ಐಸ್,” ಎಂದೆ.

ಕುಟ್ಟುವಾಗ ಒಂದು ಚೂರು ಬಾಯಿಗೆ ಹಾಕಿಕೊಂಡವಳು ಥೂ ಎಂದು ಉಗಿದಳು. “ಉಪ್ಪುಪ್ಪು ಮೇಡಂ! ಉಪ್ಪಿನಕಾಯಿ ಭರಣಿ ತೊಳ್ದಂಗೈತೆ.”

“ನಿನಗೆ ಯಾರು ತಿನ್ನಲು ಹೇಳಿದರು?” ಎಂದು ನಾನೂ ನಕ್ಕೆ. ಎರಡು ದಿನದಲ್ಲಿ ಇಪ್ಪತ್ತನಾಲ್ಕೂ ಮುಗಿದವು. ನೀಟಾಗಿ ಟೈಪ್ ಮಾಡಿಸಿ, ಪ್ರತಿಯೊಂದು ಸರ್ಟಿಫಿಕೇಟಿಗೂ ಇಂಕ್ ಪೆನ್ನಿನಲ್ಲಿ ಸಹಿ ಹಾಕಿದೆ.

ಮಂಗಳವಾರ ಬೆಳಿಗ್ಗೆ ಅಧಿಕಾರಿ ಬಂದರು. ನಲವತ್ತರ ಆಸುಪಾಸು, ದಕ್ಷಿಣ ಕನ್ನಡದವರು, ಬಿಸಿಲಿನಲ್ಲಿ ಸುಟ್ಟ ಮುಖ. ಪ್ರತಿ ಸೆನ್ಸರನ್ನೂ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ನೋಡಿದರು. ಚಹಾ ಬಂತು. ಇವು ಯಾವ ಕೋಲ್ಡ್ ಸ್ಟೋರೇಜಿಗೆ ಸರ್ ಎಂದು ಕೇಳಿದೆ.

ಅವರು ನಕ್ಕರು. “ಭೂಮಿಯಲ್ಲೇ ದೊಡ್ಡ ಕೋಲ್ಡ್ ಸ್ಟೋರೇಜ್ ಮೇಡಂ. ದಕ್ಷಿಣ ಧ್ರುವದ ಸಮುದ್ರಕ್ಕೆ. ತೇಲುವ ಹಿಮದ ಚಪ್ಪಡಿಗೆ ತೂತು ಕೊರೆದು, ಅದರ ಕೆಳಗಿನ ನೀರಿಗೆ ಇಳಿಬಿಡ್ತೇವೆ. ಹಡಗು ಹೋಗುವುದು ವರ್ಷಕ್ಕೆ ಒಂದೇ ಸಲ.”

ಯಜಮಾನರು ಖುಷಿಯಿಂದ ಎದೆಯುಬ್ಬಿಸಿದರು. “ಅಲ್ಲಿ ಹಿಮ ಕರಗಾಕತ್ತದ ಅಂತ ಪೇಪರಿನ್ಯಾಗ ಓದೀನ್ರಿ. ಆದ್ರ ನಮ್ಮ ಪೀಣ್ಯಕ್ಕೇನು ಸಮುದ್ರ ಬರೂದಿಲ್ಲ ಬಿಡ್ರಿ, ಮೂರು ಸಾವಿರ ಅಡಿ ಮ್ಯಾಲ ಕುಂತೇವಿ.”

“ನಿಮ್ಮ ಮಳೆ ಎಲ್ಲಿಂದ ಬರ್ತದೆ ಸರ್?” ಎಂದರು ಅಧಿಕಾರಿ.

ಆಮೇಲೆ ಅವರು ಒಂದು ಸ್ಟೀಲ್ ಲೋಟ ಕೇಳಿದರು. ಉಳಿದಿದ್ದ ಐಸಿನ ಒಂದು ತುಂಡು ಹಾಕಿ ಅಂಚಿನವರೆಗೆ ನೀರು ತುಂಬಿದರು. ಮಾತಾಡುತ್ತಾ ಕಾದೆವು. ಐಸ್ ಕರಗಿತು, ಒಂದು ಹನಿಯೂ ಚೆಲ್ಲಲಿಲ್ಲ.

“ತೇಲುವ ಹಿಮ ಕರಗಿದರೆ ಸಮುದ್ರ ಹೆಚ್ಚು ಕಡಿಮೆ ಹೀಗೇ ಇರ್ತದೆ. ಹಾಗಾದರೆ ಹೆದರಿಕೆ ಯಾಕೆ?” ಎಂದು, ಚಹಾ ಸೋಸುವ ಜಾಲರಿಯನ್ನು ಅದೇ ಲೋಟದ ಮೇಲಿಟ್ಟು ಅದರಲ್ಲಿ ಇನ್ನೊಂದು ತುಂಡು ಇಟ್ಟರು. “ಇದು ನೆಲದ ಮೇಲಿನ ಹಿಮ.” ಅದು ಹನಿಹನಿಯಾಗಿ ಇಳಿಯತೊಡಗಿದ್ದೇ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು. ನನ್ನ ಸಹಾಯಕಿ ಬಟ್ಟೆ ತಂದಳು. ಅವರು ಒರೆಸಲು ಬಿಡಲಿಲ್ಲ.

“ತೇಲುವ ಚಪ್ಪಡಿ ಬಾಗಿಲಿಗೆ ಕೊಟ್ಟ ಅಗುಳಿಯ ಹಾಗೆ ಮೇಡಂ. ನೆಲದ ಮೇಲೆ ಬೆಟ್ಟದಷ್ಟು ಹಿಮ ಉಂಟಲ್ಲ, ಅದನ್ನು ತಡೆದು ಹಿಡಿದದ್ದು ಇದು. ಕೆಳಗಿನ ನೀರು ಸ್ವಲ್ಪ ಬೆಚ್ಚಗಾದರೂ ಸಾಕು, ಅಗುಳಿಯನ್ನು ಅಡಿಯಿಂದ ತಿಂದು ಹಾಕ್ತದೆ. ಹಿಂದಿನದು ಸಮುದ್ರಕ್ಕೆ ಜಾರ್ತದೆ, ನಮ್ಮ ಊರಿನ ದಡದಲ್ಲೂ ನೀರು ಏರ್ತದೆ. ಇನ್ನೊಂದು ವಿಷಯ ಉಂಟು. ಅಲ್ಲಿ ತಣ್ಣಗಿನ, ಉಪ್ಪು ಜಾಸ್ತಿಯಿರುವ ನೀರು ಭಾರವಾಗಿ ಸಮುದ್ರದ ತಳಕ್ಕೆ ಇಳೀತದೆ. ಇಳಿದು ಲೋಕದ ಸಮುದ್ರಗಳಲ್ಲೆಲ್ಲ ಸುತ್ತುತ್ತದೆ. ಕರಗಿದ ಸಿಹಿನೀರು ಹಗುರ, ಮೇಲೇ ನಿಲ್ತದೆ, ಇಳಿಯುವುದಿಲ್ಲ. ಆ ಸುತ್ತಾಟ ನಿಧಾನವಾದರೆ ಯಾವ ದೇಶದ ಬಿಸಿ ಎಲ್ಲಿಗೆ ಹೋಗ್ತದೆ, ಯಾರ ಮಳೆ ಯಾರಿಗೆ ಬೀಳ್ತದೆ, ಹೇಳ್ಲಿಕ್ಕೆ ಬರುವುದಿಲ್ಲ. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸ್ತಿತ್ತು, ಅದು ಹೋದ ಕಡೆ ಕಪ್ಪು ನೀರು ಬಿಸಿಲನ್ನು ಕುಡೀತದೆ. ಮತ್ತೆ ಬಿಸಿ, ಮತ್ತೆ ಕರಗುವುದು.”

ನಾನು ಮೇಜಿನ ಮೇಲಿನ ನೀರನ್ನೇ ನೋಡುತ್ತಿದ್ದೆ. ಧ್ರುವದ ಹಿಮ ನನಗೆ ಜಿಯಾಗ್ರಫಿ ಪುಸ್ತಕದ ಬಿಳಿ ಬಣ್ಣವಾಗಿತ್ತು, ಅಷ್ಟೇ. ಅದಕ್ಕೊಂದು ಅಗುಳಿಯಿದೆ, ಅದು ಸವೆಯಬಹುದು ಎಂದು ಯಾರೂ ಹೇಳಿರಲಿಲ್ಲ.

“ಬೆಚ್ಚಗಾಗುವುದು ಎಂದರೆ ಎಷ್ಟು ಸರ್? ಎರಡು ಡಿಗ್ರಿ, ಮೂರು ಡಿಗ್ರಿ?”

“ಅಯ್ಯೋ ಮೇಡಂ! ಅಷ್ಟಾದರೆ ಅಳೀಲಿಕ್ಕೆ ನಾವು ಯಾಕೆ, ಕೈ ಹಾಕಿದರೆ ಸಾಕು. ನಾವು ಹುಡುಕುವುದು ಡಿಗ್ರಿಯ ನೂರನೇ ಭಾಗದಲ್ಲಿ. ನೂರರಲ್ಲಿ ಮೂರು, ನಾಲ್ಕು, ಐದು. ಅದಕ್ಕೇ ನಿಮ್ಮ ಸೊನ್ನೆಯ ಮೇಲೆ ಅಷ್ಟು ಭರವಸೆ. ಅಲ್ಲಿ ನೀರು ಸೊನ್ನೆಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ ಗೊತ್ತುಂಟಲ್ಲ? ಉಪ್ಪು.”

ಉಪ್ಪು ಎಂದ ಕೂಡಲೇ ಸಹಾಯಕಿಯ ಕಡೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

ಯಜಮಾನರು ಅಧಿಕಾರಿಯನ್ನು ಊಟಕ್ಕೆ ಕರೆದುಕೊಂಡು ಹೋದರು. ನಾವಿಬ್ಬರೂ ಲ್ಯಾಬಿನ ಬಾಗಿಲು ಹಾಕಿಕೊಂಡೆವು. ಫ್ರೀಜರಿನಲ್ಲಿ ಅಂದು ಬೆಳಿಗ್ಗೆಯಷ್ಟೇ ಗಟ್ಟಿಯಾಗಿದ್ದ ಎರಡು ಡಬ್ಬಿ ಶುದ್ಧ ಐಸ್ ಇತ್ತು. ಒಂದು ಫ್ಲಾಸ್ಕಿಗೆ ಅದು, ಇನ್ನೊಂದಕ್ಕೆ ಫ್ಯಾಕ್ಟರಿಯ ಐಸ್. ಒಂದೇ ಸೆನ್ಸರನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಮೂರು ಸಲ ಬದಲಿಸಿದೆವು. ಮೂರು ಸಲವೂ ಮೀಟರಿನ ಅಂಕಿ ಬದಲಾಯಿತು. ಕಾಗದದ ಮೇಲೆ ಭಾಗಿಸಿದೆ. ಫ್ಯಾಕ್ಟರಿಯ ಐಸಿನ ಫ್ಲಾಸ್ಕು ಸೊನ್ನೆಗಿಂತ ಕೆಳಗಿತ್ತು, ಡಿಗ್ರಿಯ ನೂರರಲ್ಲಿ ನಾಲ್ಕು ಭಾಗ.

ಐಸ್ ಫ್ಯಾಕ್ಟರಿಯಲ್ಲಿ ನೀರಿನ ಡಬ್ಬಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಸಿ ಹೆಪ್ಪುಗಟ್ಟಿಸುತ್ತಾರೆ. ಆ ಉಪ್ಪು ದಿಮ್ಮಿಗೆ ತಗಲುತ್ತದೆ, ಬಿರುಕಿನಲ್ಲಿ ಇಳಿಯುತ್ತದೆ, ಮೇಲೆ ತೊಳೆದರೆ ಹೋಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಐಸ್ ಪಾಯಿಂಟನ್ನು ಇಷ್ಟು ಕೆಳಗಿಳಿಸಲು ಒಂದು ಲೀಟರಿಗೆ ಒಂದು ಚಿಟಿಕೆ ಉಪ್ಪು ಸಾಕು ಎಂಬುದೂ ಗೊತ್ತಿತ್ತು.

ಆಮೇಲೆ ತಪ್ಪು ಯಾವ ಕಡೆಗೆ ಎಂದು ಅದೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಸೊನ್ನೆಗಿಂತ ತಣ್ಣಗಿದ್ದುದನ್ನು ಸೊನ್ನೆ ಎಂದು ಬರೆದಿದ್ದೇನೆ. ಎಂದರೆ ನನ್ನ ಇಪ್ಪತ್ತನಾಲ್ಕು ಸೆನ್ಸರುಗಳೂ ಆ ಸಮುದ್ರವನ್ನು ಇರುವುದಕ್ಕಿಂತ ಬೆಚ್ಚಗೆ ತೋರಿಸುತ್ತವೆ, ಅವರು ಹುಡುಕುತ್ತಿರುವಷ್ಟೇ ಬೆಚ್ಚಗೆ. ಹಿಮದ ಅಗುಳಿ ಸವೆಯುತ್ತಿದೆ ಎಂದು ಪೀಣ್ಯದ ಒಂದು ಐಸ್ ಫ್ಯಾಕ್ಟರಿಯ ಉಪ್ಪು ಲೋಕಕ್ಕೆ ಸಾರಿಬಿಡುತ್ತದೆ. ಮುಂದೊಂದು ದಿನ ಯಾರಾದರೂ ತಪ್ಪನ್ನು ಕಂಡುಹಿಡಿದರೆ, ಆಮೇಲೆ ನಿಜವಾದ ಅಂಕಿ ತಂದವರನ್ನೂ ನಂಬುವುದಿಲ್ಲ.

“ಮೇಡಂ, ನಾನ್ ಅವತ್ತು ಉಪ್ಪು ಅಂದ್ನಲ್ಲ,” ಎಂದಳು ಸಹಾಯಕಿ ಮೆತ್ತಗೆ.

“ಅಂದೆ. ನಾನು ಕೇಳಲಿಲ್ಲ.”

ಊಟ ಮುಗಿಸಿ ಬಂದ ಯಜಮಾನರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರ ಮುಖದ ವಿಭೂತಿಯ ಗೆರೆಗಳು ಒಂದರೊಳಗೊಂದು ಸೇರಿಕೊಂಡವು.

“ನೂರರಾಗ ನಾಕು? ಅದೂ ಒಂದು ತಪ್ಪೇನ್ರಿ ಬಾಯಾರ? ಯಾಂವ ನೋಡ್ತಾನ ಅಲ್ಲಿ ಹೋಗಿ? ಪೆಂಗ್ವಿನ್ ಬಂದು ಕಂಪ್ಲೇಂಟ್ ಕೊಡ್ತಾವೇನು?”

“ಸರ್, ಅವರು ಹುಡುಕುತ್ತಿರುವುದೇ ಆ ನಾಲ್ಕನ್ನು.”

“ಹಂಗಂದ್ರ ಎಲ್ಲಾ ಕಾಗದದಾಗೂ ನಾಕು ಕಳೀರಿ. ಮುಗೀತಲ್ಲ.”

ಅದು ನನಗೂ ಹೊಳೆದಿತ್ತು. ಆದರೆ ಎರಡು ದಿನದಲ್ಲಿ ಎಷ್ಟು ಸಲ ಫ್ಲಾಸ್ಕ್ ತುಂಬಿದೆವೋ ಅಷ್ಟು ಬಗೆಯ ಐಸು. ದಿಮ್ಮಿಯ ಅಂಚಿನದಕ್ಕೆ ಒಂದಿಷ್ಟು ಉಪ್ಪು, ನಡುವಿನದಕ್ಕೆ ಇನ್ನೊಂದಿಷ್ಟು. ಯಾವ ಸೆನ್ಸರಿಗೆ ಯಾವ ಚೂರು ಬಿತ್ತೋ ದೇವರಿಗೇ ಗೊತ್ತು. ಕಳೆಯಬೇಕಾದದ್ದು ಎಷ್ಟು ಎಂದು ಗೊತ್ತಿಲ್ಲದೆ ಕಳೆದರೆ ಅದು ಎರಡನೆಯ ಸುಳ್ಳು.

“ಹಡಗು ತಪ್ಪಿದ್ರ ಮುಂದಿನ ವರ್ಷದ ತನಕ ಅವ್ರ ಕೆಲಸ ನಿಂತಂಗ. ಮತ್ತ ನಮ್ಮ ಬಾಗಿಲಿಗೆ ಬರ್ತಾರೇನ್ರಿ? ನಿಮ್ಮ ಸಹಿ ಬಿದ್ದಾದ ಮ್ಯಾಲ ನಿಮ್ಮ ಹೆಸರೂ ಹೋಗ್ತದ. ವಿಚಾರ ಮಾಡ್ರಿ.”

ವಿಚಾರ ಮಾಡಿದೆ. ಸುಳ್ಳು ಹೇಳಬಾರದು ಎಂದು ಅಂದುಕೊಂಡದ್ದು ನೆನಪಿಲ್ಲ, ಅಂಥ ದೊಡ್ಡ ಮಾತು ಯಾವುದೂ ತಲೆಯಲ್ಲಿರಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಹೋಗಿ, ಮಂಜಿನಲ್ಲಿ ನಿಂತು, ತೂತು ಕೊರೆದು, ನನ್ನ ಉಪ್ಪನ್ನು ಅಳೆದುಕೊಂಡು ಬರುವ ಆ ಮನುಷ್ಯನ ಸುಟ್ಟ ಮುಖ ಮಾತ್ರ ಕಾಣುತ್ತಿತ್ತು. ಲ್ಯಾಬಿಗೆ ಹೋಗಿ, ಅಧಿಕಾರಿಯ ಫೈಲಿನಿಂದ ಸರ್ಟಿಫಿಕೇಟುಗಳನ್ನು ತೆಗೆದುಕೊಂಡು, ಒಂದೊಂದಕ್ಕೂ ಮೂಲೆಯಿಂದ ಮೂಲೆಗೆ ಗೆರೆ ಎಳೆದು “ಕ್ಯಾನ್ಸಲ್ಡ್” ಎಂದು ಬರೆದೆ. ಆಮೇಲೆ ಏನು ನಡೆಯಿತೆಂದು ಅಧಿಕಾರಿಗೆ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. “ಎಂತ ಮಾಡಿದ್ರಿ ಮಾರಾಯ್ರೆ,” ಎಂದರು ಕೊನೆಗೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. “ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ನಾನು ಹೊರಡ್ಲೇಬೇಕು. ಅಷ್ಟರೊಳಗೆ ಎಷ್ಟಾಗ್ತದೋ ಅಷ್ಟು.”

ಡಿಸ್ಟಿಲ್ಡ್ ವಾಟರಿಗೆ ಕೊರತೆಯಿರಲಿಲ್ಲ, ಹೆಪ್ಪುಗಟ್ಟಿಸಲು ಕರೆಂಟು ಬೇಕಿತ್ತು. ಸಹಾಯಕಿಯ ಬೀದಿಯಲ್ಲಿ ಒಬ್ಬ ಐಸ್ ಕ್ಯಾಂಡಿ ಮಾಡುವವನಿದ್ದ, ಅವನ ಬಳಿ ಸ್ವಂತ ಜನರೇಟರ್ ಇತ್ತು. ಮುಚ್ಚಳ ಬಿಗಿಯಾದ ಸ್ಟೀಲ್ ಟಿಫಿನ್ ಡಬ್ಬಿಗಳಲ್ಲಿ ನೀರು ತುಂಬಿಕೊಂಡು ಆಟೋದಲ್ಲಿ ಹೋದೆವು.

“ಬರೀ ನೀರಾ ಅಕ್ಕ? ಸಕ್ರೆ ಇಲ್ಲ, ಬಣ್ಣ ಇಲ್ಲ? ಯಾರ್ ಚೀಪ್ತಾರೆ ಇದನ್ನ?”

“ಯಾರೂ ಚೀಪಲ್ಲ ಕಣಣ್ಣ. ಮೇಡಂ ಇದ್ರಾಗೆ ಸಮುದ್ರ ಅಳೀತಾರೆ.”

“ಸಮುದ್ರಾನಾ? ಬಾಗಲಗುಂಟೇಲಾ? ಸಕ್ಕತ್ತಾಗೈತೆ ಬಿಡು!” ಎನ್ನುತ್ತಲೇ ಅವನು ಡಬ್ಬಿಗಳನ್ನು ಕ್ಯಾಂಡಿ ತೊಟ್ಟಿಗೆ ಇಳಿಸಲು ಹೋದ. ನಾನು ಕಿರುಚಿದೆ. ಅದೂ ಉಪ್ಪುನೀರಿನ ತೊಟ್ಟಿಯೇ! ತಯಾರಾದ ಕ್ಯಾಂಡಿ ಇಡುವ ಫ್ರೀಜರಿನಲ್ಲೇ ಇಡಬೇಕೆಂದು ಕೈಮುಗಿದು ಕೇಳಿಕೊಂಡೆ.

ಬುಧವಾರ ಬೆಳಿಗ್ಗೆ ಮೊದಲ ಐಸ್ ಬಂತು. ಈ ಸಲ ಒಂದೊಂದು ಸೆನ್ಸರನ್ನೂ ಮೂರು ಬೇರೆ ಬೇರೆ ಡಬ್ಬಿಯ ಐಸಿನಲ್ಲಿ ಪರೀಕ್ಷಿಸುವುದೆಂದು ನಿಶ್ಚಯಿಸಿದ್ದೆ. ಮೂರೂ ಅಂಕಿ ಒಂದೇ ಬಂದರೆ ಮಾತ್ರ ಬರೆಯುವುದು. ಅಧಿಕಾರಿ ಅಂಗಿಯ ತೋಳು ಮಡಚಿ ಕುಳಿತು ಮೀಟರ್ ಓದಿದರು, ನಾನು ಬರೆದೆ, ಸಹಾಯಕಿ ಕುಟ್ಟಿದಳು. ಯಜಮಾನರು ಒಂದೆರಡು ಸಲ ಬಾಗಿಲಲ್ಲಿ ನಿಂತು ನೋಡಿ ಹೋದರು. ಮೂರನೆಯ ಸಲ ಬಂದಾಗ ವೆಲ್ಡಿಂಗ್ ನಿಲ್ಲಿಸಿ ಜನರೇಟರಿನ ವೈರನ್ನು ನಮ್ಮ ಫ್ರೀಜರಿಗೆ ಕೊಡಿಸಿದರು.

ಗುರುವಾರ ಒಂದು ಡಬ್ಬಿಯ ಮುಚ್ಚಳ ಸಡಿಲವಾಗಿ, ಐಸಿನ ಮೇಲೆ ಕ್ಯಾಂಡಿಯ ಕಿತ್ತಳೆ ಬಣ್ಣದ ಒಂದು ಹನಿ ಕಂಡಿತು. ಸಾಸಿವೆಯಷ್ಟು. ಹಿಂದಿನ ವಾರವಾಗಿದ್ದರೆ ಅದನ್ನು ಕೆರೆದು ಬಿಸಾಡಿ ಉಳಿದದ್ದನ್ನು ಬಳಸುತ್ತಿದ್ದೆ. ಇಡೀ ಡಬ್ಬಿಯನ್ನೂ, ಅದರಿಂದ ತುಂಬಿದ ಫ್ಲಾಸ್ಕನ್ನೂ ಸುರಿದೆವು. ಅದರಲ್ಲಿ ಅಳೆದಿದ್ದ ಎರಡು ಸೆನ್ಸರುಗಳ ಅಂಕಿಗಳನ್ನು ಹೊಡೆದುಹಾಕಿದೆ. ಅರ್ಧ ದಿನ ಹೋಯಿತು. ಶುಕ್ರವಾರ ಮಧ್ಯಾಹ್ನ ಎಣಿಸಿದಾಗ ಹತ್ತೊಂಬತ್ತು ಮುಗಿದಿದ್ದವು. ಐದನ್ನು ಅವರು ಬಿಟ್ಟುಹೋದರು. ಹೋಗುವಾಗ ಥ್ಯಾಂಕ್ಸ್ ಹೇಳಲಿಲ್ಲ. “ಬರ್ತೇನೆ” ಎಂದರು.

ಅವರು ಹೋದ ಮೇಲೆ ನಾನು ಒಂದು ವಿಚಿತ್ರವಾದ ಪ್ರಾರ್ಥನೆ ಶುರು ಮಾಡಿದೆ. ಅಲ್ಲಿಯ ಸಮುದ್ರದ ನೀರು ತಣ್ಣಗೇ ಇರಲಿ. ಹಳೆಯ ಅಂಕಿಯೇ ಬರಲಿ. ಸೋಮವಾರ ಬಸ್ಸಿನಲ್ಲಿ ಕುಳಿತಾಗ, ಐಸ್ ಕುಟ್ಟುವಾಗ, ಬೇಳೆಗೆ ಉಪ್ಪು ಹಾಕುವಾಗ ಅದೇ ಯೋಚನೆ. ಆ ಲೋಟದಿಂದ ಮೇಜಿನ ಮೇಲೆ ಹರಿದ ನೀರನ್ನು ಕಂಡ ದಿಗಿಲು ಹೋಗಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವರು ಬಂದರು. ಕೈಯಲ್ಲಿ ಗ್ರಾಫ್ ಹಾಳೆಗಳ ಸುರುಳಿ. ಹಳೆಯ ಅಳತೆ ನೀಲಿ ಗೆರೆ, ನಮ್ಮ ಸೆನ್ಸರುಗಳದ್ದು ಕೆಂಪು ಗೆರೆ. ಕೆಂಪು ಮೇಲಿತ್ತು. ಉದ್ದಕ್ಕೂ ಮೇಲಿತ್ತು, ಎಂದರೆ ನೀರು ಬೆಚ್ಚಗೆ.

“ಒಂದು ಸೀಸನ್ನಿನದು ಮೇಡಂ, ಇದರಿಂದ ಎಂತದೂ ಸಾಬೀತಾಗುವುದಿಲ್ಲ. ಇನ್ನೂ ಎಷ್ಟೋ ವರ್ಷ ಅಳೀಬೇಕು,” ಎಂದರು. ಆದರೆ ಅವರ ದನಿಯಲ್ಲಿ ಆ ಮಾತಿಗೆ ಬಲವಿರಲಿಲ್ಲ.

“ಸರ್, ನಮ್ಮ ಐಸಿನದೇ ತಪ್ಪಿರಬೇಕು. ಕ್ಯಾಂಡಿಯವನ ಫ್ರೀಜರು, ಏನಾದರೂ ಸೇರಿರಬಹುದು. ಪ್ಲೀಸ್, ಇನ್ನೊಮ್ಮೆ ನೋಡಿ.”

“ಮೊದಲು ನೋಡಿದ್ದೇ ಅದನ್ನು ಮೇಡಂ. ಹಡಗು ಇಳಿದ ಕೂಡ್ಲೇ ದೊಡ್ಡ ಲ್ಯಾಬೊಂದರ ಐಸ್ ಪಾಯಿಂಟಿನಲ್ಲಿ ಹತ್ತೊಂಬತ್ತನ್ನೂ ಚೆಕ್ ಮಾಡಿಸಿದೆ. ನಿಮ್ಮ ಸೊನ್ನೆ ಸೊನ್ನೆಯೇ. ಒಂದರಲ್ಲೂ ತಪ್ಪಿಲ್ಲ.”

ಅಷ್ಟು ಕೇಳಿದ್ದೇ ಯಜಮಾನರು ಕ್ಯಾಬಿನ್ನಿನಿಂದ ಧಾರವಾಡ ಪೇಡೆಯ ಡಬ್ಬಿ ತಂದರು. “ನೋಡ್ರಿ, ನಮ್ಮ ಬಾಯಾರ ನಂಬರ್ ಖರೇ ಬಂತು! ಎಲ್ಲಾರೂ ಬಾಯಿ ಸಿಹಿ ಮಾಡ್ಕೊಳ್ರಿ!” ವೆಲ್ಡಿಂಗಿನವರು, ಪ್ಯಾಕಿಂಗಿನವರು ಎಲ್ಲ ಬಂದು ಕೈಚಾಚಿದರು.

“ಮೇಡಂ, ನಾವ್ ಪಾಸಾ?” ಎಂದಳು ಸಹಾಯಕಿ, ಬಾಯಿತುಂಬ ಪೇಡೆ.

“ಪಾಸ್,” ಎಂದೆ.

ಅಧಿಕಾರಿ ಕೆಂಪು ಗೆರೆಯ ಹಾಳೆಯನ್ನು ಸುತ್ತುತ್ತಿದ್ದರು. ಅವರ ಎಡಗೈಯಲ್ಲಿ ಒಂದು ಪೇಡೆ, ನನ್ನ ಕೈಯಲ್ಲಿ ಒಂದು. ಇಬ್ಬರೂ ತಿನ್ನಲಿಲ್ಲ.